ಕೊಕ್ಕರೆ ಕೆರೆಗೆ ಕಾವಲು ಹೋದದ್ದು

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ನಾನೂ ನನ್ನ ತಮ್ಮ ಇಮ್ರಾನನೂ ಒಂದೇ ಬೈಕಿನಲ್ಲಿ ರಾಮನಗರ ಬಿಟ್ಟೆವು. ಕಿವಿ ಮುಚ್ಚುವ ಟೋಪಿ, ಬೆನ್ನಿಗೆ ಕ್ಯಾಮೆರಾ ಚೀಲ, ನಡುವೆ ಮಡಚಿದ ಕಂಬಳಿ. ಬೈಕು ಇಮ್ರಾನ್ ಕೆಲಸ ಮಾಡುವ ಸ್ಟುಡಿಯೋ ಮಾಲೀಕರದು. ಅಮ್ಮಿ ಬಾಗಿಲಲ್ಲಿ ನಿಂತು, "ಅವನ ಕಣ್ಣೆಲ್ಲ ಹಕ್ಕಿ ಮೇಲೆ. ನೀನು ನೆಲ ನೋಡು" ಅಂದಳು. ನಾವು ಮನೆಯಲ್ಲಿ ಆಡುವುದು ಉರ್ದು, ರೋಡಿಗೆ ಬಂದರೆ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಇಮ್ರಾನ್ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ, ಮದುವೆ ಫೋಟೊ ತೆಗೆಯುತ್ತಾನೆ. ಬಿಡುವಾದಾಗ ಕೆರೆಯಂಗಳದಲ್ಲಿ ಬಿದ್ದುಕೊಂಡು ಹಕ್ಕಿ ಫೋಟೊ ತೆಗೆಯುವುದು ಅವನ ಹುಚ್ಚು. ಸ್ಟುಡಿಯೋ ಗೋಡೆಗೆ ಹಾಕಿದ್ದ ಅವನ ಬಣ್ಣದ ಕೊಕ್ಕರೆಯ ಫೋಟೊ ನೋಡಿ ಬೆಂಗಳೂರಿನವರೊಬ್ಬರು, "ಜನವರಿಯಲ್ಲಿ ನಾವು ನಾಲ್ಕು ಜನ ಬರುತ್ತೇವೆ. ಎರಡು ದಿನ ನಿಮ್ಮ ಕಡೆಯ ಕೆರೆ, ಜೌಗು ಸುತ್ತಿಸು. ಪ್ಲಾನ್ ಎಲ್ಲಾ ನಿನ್ನದೇ" ಅಂದಿದ್ದರು. ಅದು ಚೆನ್ನಾಗಿ ನಡೆದರೆ ಇನ್ನೂ ಜನ ಬರುತ್ತಾರೆ, ಗೋಡೆಗೆ ನೀಲಿ ಬಟ್ಟೆ ಕಟ್ಟಿ ಮುಖ ನೆಟ್ಟಗೆ ಮಾಡಿಸುವ ಕೆಲಸ ತಪ್ಪುತ್ತದೆ ಎಂಬ ಆಸೆ ಅವನಿಗೆ. ಅದಕ್ಕೇ ಮೊದಲು ನಾವೇ ಹೋಗಿ ನೋಡಿ ಬರಬೇಕಿತ್ತು. ಯಾವ ಕೆರೆಯಲ್ಲಿ ನೀರಿದೆ, ಕಾರು ಎಲ್ಲಿಯವರೆಗೆ ಹೋಗುತ್ತದೆ, ಬೆಳಗಿನ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಎಲ್ಲಿ ಅಡಗಿ ಕೂರಬಹುದು, ಎಲ್ಲಿ ಅಪಾಯ.

ನನ್ನ ಕೆಲಸ ಕಾವಲು. "ಲೆನ್ಸಿಗೆ ಕಣ್ಣಿಟ್ಟೋನಿಗೆ ಬೆನ್ನು ಅನ್ನೋದು ಇರಲ್ಲ ಭಾಯ್. ನನ್ನ ಬೆನ್ನು ನೀನೇ" ಎಂದು ಅವನು ಹೇಳಿದ್ದ. ನನಗೆ ಹೆಮ್ಮೆಯಾಗಿತ್ತು. ನಾನು ಓದಿದ್ದು ಆರನೇ ಕ್ಲಾಸು. ಆಮೇಲೆ ಚಿಕ್ಕಪ್ಪನ ಮನೆಯ ರೇಷ್ಮೆ ಬಿಚ್ಚುವ ಒಲೆಯ ಮುಂದೆ ಕೂತವನು ಇನ್ನೂ ಎದ್ದಿಲ್ಲ. ಗೂಡು ಕೊಂಡು, ಬೇಯಿಸಿ ನೂಲು ತೆಗೆಯುವ ನಮ್ಮಂಥವರಿಗೆ ರೀಲರ್ ಅನ್ನುತ್ತಾರೆ. ನನ್ನಿಂದ ತಮ್ಮನ ಕೆಲಸಕ್ಕೆ ಏನಾದರೂ ಉಪಯೋಗ ಆಗುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಮೊದಲು ಮಾಗಡಿ ಕಡೆ ಹೋದೆವು. ಕಲ್ಯ ಅನ್ನುವ ಊರಿನ ಆಚೆ ಒಂದು ಕೆರೆಯಲ್ಲಿ ಮೂರು ವರ್ಷದ ಹಿಂದೆ ಕೊಕ್ಕರೆಗಳನ್ನು ನೋಡಿದ್ದೆ ಅಂತ ಇಮ್ರಾನ್ ದಾರಿಯುದ್ದಕ್ಕೂ ಹೇಳುತ್ತಿದ್ದ. ಹೋಗಿ ನೋಡಿದರೆ ಕೆರೆಯೊಳಗೆ ಟಿಪ್ಪರುಗಳು ಸಾಲಾಗಿ ನಿಂತಿದ್ದವು. ಎಲ್ಲೋ ರಸ್ತೆ ಎತ್ತರಿಸುವುದಕ್ಕೆ ಮಣ್ಣು ಬಗೆಯುತ್ತಿದ್ದರು. ಒಬ್ಬ ಡ್ರೈವರ್ ಬೀಡಿ ಹಚ್ಚಿಕೊಂಡು ನಮ್ಮ ಚೀಲ ನೋಡಿದ.

"ಏನ್ ಸಾಬ್ರೇ, ಪೇಪರ್‌ನೋರಾ?"

"ಇಲ್ಲ ಅಣ್ಣ, ಕೊಕ್ಕರೆ ನೋಡೋಕೆ ಬಂದ್ವಿ."

ಅವನು ಮಣ್ಣು ಬಗೆಯುವ ಮಿಷನ್ನಿನ ಕಡೆ ಬೀಡಿ ತೋರಿಸಿದ. "ಉದ್ದ ಕತ್ತಿನ್ದು ಇಲ್ಲಿ ಅದೊಂದೇ ಐತೆ. ತಕ್ಕಳಿ ಫೋಟೊ, ಹಾರೋಗಲ್ಲ."

ಇಮ್ರಾನ್ ನಗಲಿಲ್ಲ. ಆ ಕೆರೆ ಪ್ಲಾನಿನಿಂದ ಹೋಯಿತು.

ಮಾಗಡಿಯಲ್ಲಿ ಊಟ ಮಾಡಿದೆವು. ಮುದ್ದೆ, ಅವರೆಕಾಳಿನ ಸಾರು. ಅವರೆಯ ಕಾಲ ಅದು, ಹೋಟೆಲಿನ ಮುಂದೆಯೇ ರಾಶಿ ಹಾಕಿಕೊಂಡು ಮಾರುತ್ತಿದ್ದರು. ಬಡಿಸುವವನು ಸೌಟು ಎತ್ತಿ, "ಸೊಗಡು ಹೆಂಗ್ ಹೊಡೀತಾ ಐತೆ ನೋಡಿ, ಪಕ್ಕದ ಬೀದಿಯೋರು ಬರೀ ಮುದ್ದೆ ತಂದು ಕೂತ್ಕತಾರೆ" ಅಂದ. ಇಮ್ರಾನ್ ಕಣ್ಣು ಮುಚ್ಚಿ ಉಸಿರೆಳೆದ. ನಾನೂ ಎಳೆದೆ. ನನಗೆ ಬಿಸಿ ಮಾತ್ರ ಗೊತ್ತಾಯಿತು.

ಇಲ್ಲೇ ಹೇಳಿಬಿಡುತ್ತೇನೆ. ನನಗೆ ವಾಸನೆ ತಿಳಿಯುವುದಿಲ್ಲ. ಹುಳು ಬೇಯುವ ಹಬೆಯಲ್ಲಿ ಇಪ್ಪತ್ತು ವರ್ಷ ಕೂತು ಮೂಗು ಸತ್ತುಹೋಗಿದೆ. ಒಂದು ದಿನ ಒಲೆಯ ಮೇಲೆ ಹಾಲು ಸೀದು ಕರಿಯಾಗುತ್ತಿದ್ದರೂ ಪಕ್ಕದಲ್ಲೇ ಕೂತಿದ್ದೆ, ಆಗ ನನಗೇ ಖಾತ್ರಿಯಾಯಿತು. ರೇಷ್ಮೆ ಗೂಡು ಕೊಳ್ಳುವವನಿಗೆ ಮೂಗು ಬೇಕು. ರಾಶಿಯ ಒಳಗೆ ಹುಳು ಸತ್ತು ಕರಗಿದ ಗೂಡು ಇದ್ದರೆ ನಾತ ಹೊಡೆಯುತ್ತದೆ, ಮೂಗಿಲ್ಲದವನ ತಲೆಗೆ ಅದನ್ನು ಕಟ್ಟುತ್ತಾರೆ. ಹಾಗಾಗಿ ನಾನು ಯಾರಿಗೂ ಹೇಳಿರಲಿಲ್ಲ. ತಮ್ಮನಿಗೂ ಹೇಳಿರಲಿಲ್ಲ. ಮಾರುಕಟ್ಟೆಯಲ್ಲಿ ಎಲ್ಲರಂತೆ ಗೂಡನ್ನು ಮೂಗಿಗೆ ಹಿಡಿದು ತಲೆಯಾಡಿಸುತ್ತಿದ್ದೆ. ಇದನ್ನು ಓದಿ ಆಡಿಕೊಳ್ಳುವವರು ಆಡಿಕೊಳ್ಳಲಿ.

ಮಾಗಡಿಯಿಂದ ಬಿಡದಿಗೆ ಬಂದು, ಅಲ್ಲಿಂದ ಹಾರೋಹಳ್ಳಿ ರಸ್ತೆ ಹಿಡಿದೆವು. ಹಾರೋಹಳ್ಳಿಯ ಫ್ಯಾಕ್ಟರಿ ಏರಿಯಾದಲ್ಲಿ ಹೊಸ ರಸ್ತೆಗಳು ಅಗಲವಾಗಿ ಹೊಲದ ನಡುವೆ ಹೋಗಿ ಸುಮ್ಮನೆ ನಿಂತುಬಿಟ್ಟಿದ್ದವು. ಶೀಟಿನ ಶೆಡ್ಡುಗಳು, ಶಿಫ್ಟು ಮುಗಿಸಿ ಬಸ್ಸಿಗೆ ಓಡುವ ಹುಡುಗಿಯರು. ಅಲ್ಲಿಂದ ಒಂದಷ್ಟು ದೂರ ಕಚ್ಚಾ ರಸ್ತೆಯಲ್ಲಿ ಹೋದರೆ ಎರಡನೇ ಕೆರೆ. ನೀರಿತ್ತು, ಆದರೆ ನೀರಿನ ಮೇಲೆ ನೊರೆ ಇತ್ತು. ಹತ್ತಿಯ ರಾಶಿಯಂತೆ ಗಾಳಿಗೆ ಎದ್ದು ರಸ್ತೆಗೆ ಬರುತ್ತಿತ್ತು. ಆಚೆ ದಡದಲ್ಲಿ ಒಂದು ಬೆಳ್ಳಕ್ಕಿ ಒಂದೇ ಕಾಲಿನಲ್ಲಿ ನಿಂತಿತ್ತು. ಎಲ್ಲಿಯದು ಆ ನೊರೆ ಎಂದು ಕೇಳಿದರೆ ದನ ಹೊಡೆದುಕೊಂಡು ಹೋಗುತ್ತಿದ್ದವರು, "ಮ್ಯಾಗ್ಲಿಂದ ಬತ್ತದೆ" ಎಂದು ಆಕಾಶದ ಕಡೆಯೋ ಊರಿನ ಕಡೆಯೋ ತಿಳಿಯದ ಹಾಗೆ ಕೈ ತೋರಿಸಿದರು. ಅವರು ಮೂಗಿಗೆ ಟವೆಲು ಕಟ್ಟಿದ್ದರು.

ಇಮ್ರಾನ್ ಅರ್ಧ ಗಂಟೆ ಅಲ್ಲಿ ಕೂತು ನೋಡುವಷ್ಟರಲ್ಲಿ ಅವನ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ನನಗೆ ಕಣ್ಣು ಸ್ವಲ್ಪ ಉರಿಯಿತು, ಅಷ್ಟೆ. ನಾನು ಮುಖ ಮುಚ್ಚದೆ ನಿಂತಿದ್ದನ್ನು ನೋಡಿ ಅವನು, "ಏನ್ ಮೂಗೋ ನಿಂದು ಭಾಯ್! ಕಬ್ಬಿಣದ್ದಾ?" ಅಂದ.

"ರೀಲರ್ ಮೂಗು ಕಣೋ" ಅಂದೆ.

ಇಬ್ಬರೂ ನಕ್ಕೆವು.

ರಾತ್ರಿ ಕನಕಪುರದ ಬಸ್ ಸ್ಟ್ಯಾಂಡಿನ ಹತ್ತಿರ ನೂರು ರೂಪಾಯಿಯ ರೂಮಿನಲ್ಲಿ ಮಲಗಿದೆವು. ಇಮ್ರಾನನ ಮೂಗು ಪೂರಾ ಕಟ್ಟಿತ್ತು. ಮುಲಾಮು ತಿಕ್ಕಿಕೊಳ್ಳುತ್ತಾ, "ಎರಡು ಕೆರೆ ಹೋದವು. ನಾಳೆಯದೂ ಹೋದರೆ ಅವರಿಗೆ ಫೋನ್ ಮಾಡಿ ಬರಬೇಡಿ ಅನ್ನೋದೇ" ಅಂದ. ನಾಳೆಯ ಕೆರೆ ಕಾಡಂಚಿನದು. ಅಲ್ಲಿ ಆನೆಗಳು ಇಳಿಯುತ್ತವೆ ಎಂದು ಲಾಡ್ಜಿನವನೇ ಹೇಳಿದ್ದ. ರಾಗಿ ಕೊಯ್ಲಿನ ಕಾಲದಲ್ಲಿ ಬಂದವು ಹಗಲು ಹೊತ್ತು ಪೊದೆಯಲ್ಲೇ ನಿಂತುಬಿಡುತ್ತವಂತೆ. ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮಂಜು ಕವಿದಿತ್ತು. ಡಾಂಬರು ರಸ್ತೆ ಮುಗಿದು ಹಿಪ್ಪುನೇರಳೆ ತೋಟದ ಬದುವಿನಲ್ಲಿ ಹೋದೆವು. ಕೆರೆಗೆ ಹತ್ತಿರದ ಕೊನೆಯ ಮನೆ ಚಿಕ್ಕತಾಯಮ್ಮ ಎಂಬ ಹೆಂಗಸಿನದು. ಆ ದಿನ ಅವರ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗೆ ಬಿಡುವ ದಿನ ಮನೆಮಂದಿಯೆಲ್ಲ ಒಳಗೇ ಇರುತ್ತಾರೆ, ಹೊರಗಿನವರನ್ನು ಬಾಗಿಲು ದಾಟಲು ಬಿಡುವುದಿಲ್ಲ. ಆಕೆ ಅಂಗಳಕ್ಕೆ ಬಂದು ಅಲ್ಲಿಂದಲೇ ಮಾತಾಡಿದಳು.

"ಕೆರೆತಾವ್ಕಾ? ಒಬ್ಬೊಬ್ರೇ ಹೋಗ್ಬ್ಯಾಡಿ. ದೊಡ್ಡೋರು ಅವ್ರೆ ಅತ್ಲಾಗೆ."

"ಆನೆನಾ?" ಅಂದೆ.

"ಅಯ್, ಹೊತ್ತಾರೆನೇ ಹೆಸ್ರು ಎತ್ತೀರಲ್ಲ! ದೊಡ್ಡೋರು ಅನ್ನಿ. ಒಸಿ ತಡ್ಕಳಿ, ಹುಳ ಬುಟ್ಟು ಹತ್ತು ಗಂಟೆಗೆ ನಮ್ ಯಜಮಾನ್ರು ಬತ್ತಾರೆ."

"ಹತ್ತಕ್ಕೆ ಬಿಸಿಲು ನೆತ್ತಿಗೆ ಬರುತ್ತೆ ಅಮ್ಮ, ಫೋಟೊ ಆಗಲ್ಲ" ಎಂದು ಇಮ್ರಾನ್ ಒದ್ದಾಡಿದ.

ಅವಳು ಒಂದು ಗಳಿಗೆ ಯೋಚಿಸಿದಳು. "ಹಂಗಾರೆ ಕೇಳಿ. ಈ ಮಂಜಲ್ಲಿ ಕಣ್ಣು ನಂಬ್ಬ್ಯಾಡಿ. ಗಾಳಿ ಕಾಡಿಂದ ಕೆರೆ ಕಡೆ ಬೀಸ್ತದೆ. ಅವ್ರು ಇದ್ರೆ ಮೊದ್ಲು ನಾತ ಬತ್ತದೆ, ಒದ್ದೆ ಹುಲ್ಲು ಕೊಳೆತಂಗೆ, ಗಂಜಳ ಕಾಯ್ಸಿದಂಗೆ. ನಾತ ಬಂದ್ರೆ ಹಿಂದಕ್ ಬಂದ್ಬುಡಿ, ನೋಡೋಕೆ ನಿಲ್ಬ್ಯಾಡಿ."

ಇಮ್ರಾನ್ ನನ್ನ ಹೆಗಲ ಮೇಲೆ ಕೈ ಹಾಕಿದ. "ನನಗೆ ಮೂಗು ಕಟ್ಟಿದೆ. ಭಾಯ್ ಇದ್ದಾನಲ್ಲ."

"ನೀವು ಏನ್ ಕೆಲ್ಸ ಸಾಬ್ರೇ?"

"ರೀಲರು" ಅಂದೆ.

"ಹುಳ ಬೇಯ್ಸೋರು!" ಎಂದು ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ನಾವು ಮಕ್ಕಳಂಗೆ ಸಾಕಿದ್ದ ಬೇಯ್ಸಿ ಬೇಯ್ಸಿ ಮೂಗ್ನೂ ಬೇಯ್ಸ್ಕಂಡಿಲ್ಲ ತಾನೇ?"

ಹೌದು ಅನ್ನುವುದಕ್ಕೆ ಅಷ್ಟು ಸುಲಭದ ಬಾಗಿಲು ಯಾರೂ ತೆರೆದಿರಲಿಲ್ಲ. ನಾನು, "ನಮ್ ಮೂಗಿಗೆ ಏನಾಗ್ತದಮ್ಮ, ರಾಶಿಯೊಳಗಿನ ಒಂದು ಕೊಳೆತ ಗೂಡು ಹೇಳ್ತದೆ" ಅಂದೆ. ಗೂಡು ಮಾರುವವಳ ಮುಂದೆ ಗೂಡು ಕೊಳ್ಳುವವನು ಸೋಲಬಾರದು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಏರಿಯ ಕೆಳಗೆ ಹುಣಸೆ ಮರದಡಿ ಬೈಕ್ ನಿಲ್ಲಿಸಿ ಹತ್ತಿದೆವು. ಆ ಕೆರೆಯನ್ನು ಹೇಗೆ ಹೇಳಲಿ. ಮಂಜು ನೀರಿನಿಂದ ಒಂದಾಳು ಎತ್ತರಕ್ಕೆ ಎದ್ದಿತ್ತು, ಅದರೊಳಗೆ ಬಣ್ಣದ ಕೊಕ್ಕರೆಗಳು ಹಳದಿ ಕೊಕ್ಕನ್ನು ನೀರಿಗೆ ಬಿಟ್ಟುಕೊಂಡು ನಡೆಯುತ್ತಿದ್ದವು. ಹೆಜ್ಜಾರ್ಲೆಗಳು ದೋಣಿಯ ಹಾಗೆ ಸಾಲಾಗಿ ತೇಲುತ್ತಿದ್ದವು. ಮುಳುಗಿ ಸತ್ತ ಜಾಲಿ ಮರದ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕೂತಿದ್ದವು. ಇಮ್ರಾನ್ ನನ್ನ ಕೈ ಹಿಡಿದು ಅದುಮಿದ. ಆಮೇಲೆ ಕೋಡಿಯ ಪಕ್ಕ ಜೊಂಡಿನ ಅಂಚಿನಲ್ಲಿ ಕಂಬಳಿ ಹಾಸಿ ಹೊಟ್ಟೆಯ ಮೇಲೆ ಮಲಗಿದ. ಲೆನ್ಸಿನ ಕೆಳಗೆ, ಚನ್ನಪಟ್ಟಣದ ಗೆಳೆಯನೊಬ್ಬ ಗೊಂಬೆ ಲೇತಿನಲ್ಲಿ ಕಡೆದುಕೊಟ್ಟ ಮರದ ದಿಂಡು ಇಟ್ಟ. ನಾನು ಅವನ ಹಿಂದೆ ಹತ್ತು ಮಾರು ದೂರದಲ್ಲಿ ಏರಿಯ ಮೇಲೆ ಕಾಡಿನ ಕಡೆ ಮುಖ ಮಾಡಿ ನಿಂತೆ.

ಆ ಹೊತ್ತನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಎಲ್ಲ ಕಡೆ ಲಂಟಾನ ಪೊದೆ, ಅದರ ನಡುನಡುವೆ ಬಂಡೆ. ಮೂಗು ಇಲ್ಲದ್ದರಿಂದ ಕಣ್ಣನ್ನೇ ಕಿತ್ತು ಪೊದೆಗೆ ಎಸೆಯುವವನಂತೆ ನೋಡುತ್ತಿದ್ದೆ. ಎಲೆಯಿಂದ ಮಂಜಿನ ಹನಿ ಬಿದ್ದರೂ ಅತ್ತ ತಿರುಗುತ್ತಿದ್ದೆ.

"ಭಾಯ್, ವಾಸನೆ?" ಎಂದು ಅವನು ತಿರುಗದೆ ಪಿಸುಗುಟ್ಟಿದ.

"ಇಲ್ಲ ಕಣೋ."

ಕ್ಯಾಮೆರಾ ಕಟಕಟ ಅಂದಿತು. ಕೊಕ್ಕರೆಗಳು ಸ್ವಲ್ಪ ದೂರ ಸರಿದವು. ಅವನು ಮೊಣಕೈ ಊರಿಕೊಂಡು ಜೊಂಡಿನೊಳಗೆ ಮುಂದೆ ಹೋದ. ಮತ್ತೆ ಕೇಳಿದ. ನಾನು ಮತ್ತೆ ಇಲ್ಲ ಅಂದೆ. ಈ ಸಲ ಮೂಗಿನಿಂದ ಜೋರಾಗಿ ಉಸಿರೆಳೆದು, ಅವನಿಗೆ ಕೇಳುವಂತೆ ಎಳೆದು, ಇಲ್ಲ ಅಂದೆ. ಅವನು ಇನ್ನೂ ಮುಂದೆ ಹೋದ.

ನಾವು ರಾಮನಗರದವರು, ಬಂಡೆಗಳ ನಡುವೆ ಹುಟ್ಟಿದವರು. ಬಂಡೆ ನೋಡಿದರೆ ನಮ್ಮ ಕಣ್ಣು ಅಲ್ಲಿ ನಿಲ್ಲುವುದಿಲ್ಲ, ದಾಟಿ ಹೋಗುತ್ತದೆ. ಕೋಡಿಯ ಆಚೆ ಪೊದೆಯಲ್ಲಿ ಒಂದು ಬೂದು ಬಂಡೆ ಇತ್ತು. ಅಷ್ಟು ಹೊತ್ತೂ ನನ್ನ ಕಣ್ಣು ಅದರ ಮೇಲಿಂದ ಹೋಗಿ ಬರುತ್ತಿತ್ತು. ಆ ಬಂಡೆ ಕಿವಿ ಬೀಸಿತು.

ಕೂಗಿದೆನೋ ಇಲ್ಲವೋ ಮೊದಲು ನನಗೇ ತಿಳಿಯಲಿಲ್ಲ. ಆಮೇಲೆ "ಇಮ್ಮೂ! ಓಡೋ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಒಂಟಿ ಸಲಗ. ಪೊದೆ ಮುರಿಯುವ ಸದ್ದು ಬಂತು, ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಇಮ್ರಾನ್ ಎದ್ದವನು ಲೆನ್ಸ್ ಬಿಡದೆ ನನ್ನ ಕಡೆ ಓಡಿ ಬಂದ. ಆನೆ ಅವನಿಗೂ ನನಗೂ ನಡುವೆ ಬರುವಂತೆ ನುಗ್ಗಿತು. ಅವನು ದಿಕ್ಕು ಬದಲಿಸಿ ಕೋಡಿಯ ಕಲ್ಲಿನ ಕಾಲುವೆಗೆ ಹಾರಿದ. ನನ್ನ ಕಾಲು ಅವನ ಕಡೆ ಹೋಗಲಿಲ್ಲ. ನಾನು ಏರಿ ಮೇಲೆ ನಿಂತು ಕೂಗುತ್ತಲೇ ಇದ್ದೆ. ಆನೆ ಕಾಲುವೆಯ ಅಂಚಿಗೆ ಬಂದು, ಸೊಂಡಿಲು ಕೆಳಗೆ ಬಿಟ್ಟು, ಅವನು ಬಿದ್ದಲ್ಲಿ ಗಾಳಿ ಎಳೆಯುತ್ತಾ ನಿಂತಿತು. ಅದಕ್ಕೆ ಮೂಗಿತ್ತು.

ನನ್ನ ಕೂಗು ಕೇಳಿ ಚಿಕ್ಕತಾಯಮ್ಮನ ಮನೆಯವರು ತಗಡು ಬಡಿಯುತ್ತಾ, ಪಟಾಕಿ ಹಚ್ಚುತ್ತಾ ಓಡಿಬಂದರು. ಹುಳು ಬಿಡುವ ದಿನ ಬಾಗಿಲು ತೆಗೆದು ಬಂದಿದ್ದರು. ಆನೆ ಒಮ್ಮೆ ತಲೆ ಒದರಿ, ಬಂದ ದಾರಿಯಲ್ಲೇ ಒಳಗೆ ಹೋಯಿತು. ಕಂಬಳಿಯ ಮೇಲಿದ್ದ ಮರದ ದಿಂಡು ಅದರ ಕಾಲಿಗೆ ಸಿಕ್ಕಿ ಎರಡು ಹೋಳಾಗಿತ್ತು. ಇಮ್ರಾನನನ್ನು ಎತ್ತಿದಾಗ ಬಲಗೈ ಮಣಿಕಟ್ಟಿನ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು.

"ಹೆಂಗ್ ಗೊತ್ತಾಗ್ಲಿಲ್ಲ ನಿಮ್ಗೆ?" ಎಂದು ಚಿಕ್ಕತಾಯಮ್ಮ ಏದುಸಿರು ಬಿಡುತ್ತಾ ನನ್ನನ್ನು ಕೇಳಿದಳು. "ನಮ್ ಅಂಗ್ಳುಕ್ಕೇ ಬತ್ತಿತ್ತಲ್ಲ ನಾತ!"

ನಾನು ಬಾಯಿ ತೆರೆಯುವ ಮೊದಲೇ ಇಮ್ರಾನ್ ನೋವಿನಲ್ಲಿ ಹಲ್ಲು ಕಚ್ಚಿಕೊಂಡು, "ಗಾಳಿ ತಿರುಗಿರಬೇಕಮ್ಮ. ನಮ್ಮ ಭಾಯ್ ಮೂಗು ತಪ್ಪಲ್ಲ" ಅಂದ.

ಯಾರದೋ ಹಾಲಿನ ಗಾಡಿಯಲ್ಲಿ ಕನಕಪುರದ ಆಸ್ಪತ್ರೆಗೆ ಹೋದೆವು. ಮಣಿಕಟ್ಟಿಗೆ ಪ್ಲಾಸ್ಟರು, ಹೆಗಲಿಗೆ ಕಟ್ಟು. ಒಂದು ರಾತ್ರಿ ಇರಿ ಅಂದರು. ಮಂಪರಿನಲ್ಲೂ ಅವನಿಗೆ ಅದೇ ಯೋಚನೆ. "ಇಷ್ಟು ಹಕ್ಕಿ ಎಲ್ಲಿ ಸಿಗುತ್ತೆ ಭಾಯ್? ಜನವರಿಗೆ ಅವರನ್ನ ಕರ್ಕೊಂಡು ಬರೋಣ. ನನಗೆ ಕೈ ಇಲ್ಲದಿದ್ದರೇನು, ಅವರು ತೆಗೀತಾರೆ. ನೀನು ಗಾಳಿಗೆ ಮೂಗು ಒಡ್ಡಿ ನಿಂತರೆ ಸಾಕು." ಇಷ್ಟು ಹೇಳಿ ನಿದ್ದೆ ಹೋದ. ನಾಲ್ಕು ಜನ ಹೊಟ್ಟೆಯ ಮೇಲೆ ಮಲಗಿ ಲೆನ್ಸಿಗೆ ಕಣ್ಣಿಟ್ಟಿರುವುದು, ಹಿಂದೆ ನಾನು ನಿಂತಿರುವುದು, ಇದೇ ಚಿತ್ರ ಆ ರಾತ್ರಿಯೆಲ್ಲ ನನ್ನ ಮುಂದೆ ಇತ್ತು.

ಮರುದಿನ ಬೈಕ್ ತರಲು ನಾನೊಬ್ಬನೇ ಹೋದೆ. ಬಸ್ಸಿಗೆ ಎಂಟು ರೂಪಾಯಿ ಟಿಕೆಟ್ಟು, ಇಳಿದ ಮೇಲೆ ಎರಡು ಮೈಲಿ ನಡಿಗೆ. ಚಿಕ್ಕತಾಯಮ್ಮನ ಮನೆ ದಾಟಿದೆ. ಹುಣಸೆ ಮರ ಕಾಣುತ್ತಿತ್ತು, ಬೈಕಿನ ಕನ್ನಡಿ ಬಿಸಿಲಿಗೆ ಹೊಳೆಯುತ್ತಿತ್ತು, ನಡುವೆ ಪೊದೆ. ನಿಂತೆ. ಹಿಂದಕ್ಕೆ ಬಂದು ಅವಳ ಅಂಗಳದ ಹೊರಗೆ ನಿಂತು, "ಅಮ್ಮ, ನಾತ ಐತಾ ನೋಡ್ತೀರಾ? ನನಗೆ ಗೊತ್ತಾಗಲ್ಲ" ಅಂದೆ.

"ನೆಗಡಿನಾ?"

"ಇಲ್ಲ. ಮೂಗೇ ಇಲ್ಲ. ನಿನ್ನೆನೂ ಇರಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ನೆನ್ನೆ ಬಾಯ್ಬುಟ್ಟಿದ್ರೆ ಏನ್ ಹೋಗ್ತಿತ್ತು ನಿಮ್ಗೆ? ಹುಳ ಹಾಳಾಗೋಗ್ಲಿ ಅಂತ ನಾನೇ ಬತ್ತಿದ್ದೆ." ಬಯ್ಯುತ್ತಲೇ ಮುಂದೆ ಹೊರಟಳು. ಬದುವಿನ ಕೊನೆಯಲ್ಲಿ ಮುಖ ಎತ್ತಿ ನಿಂತು, ಕೈ ಬೀಸಿ ಕರೆದಳು. ಅವಳ ಹಿಂದೆ ನಡೆದು ಬೈಕ್ ತಂದೆ.

ಆಸ್ಪತ್ರೆಗೆ ಬಂದಾಗ ಇಮ್ರಾನ್ ಹಾಸಿಗೆಯ ಮೇಲೆ ಕೂತು ಎಡಗೈಯಲ್ಲಿ ಬ್ರೆಡ್ಡು ತಿನ್ನುತ್ತಿದ್ದ. ನೆಗಡಿ ಬಿಟ್ಟಿತ್ತು. ಬಾಗಿಲಲ್ಲೇ ನಿಂತು ಹೇಳಿದೆ. ಒಳಗೆ ಹೋದರೆ ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನು ನಂಬಲಿಲ್ಲ. ಮುಲಾಮಿನ ಡಬ್ಬಿಯನ್ನು ಹಲ್ಲಿನಿಂದ ತೆಗೆದು, ನನ್ನನ್ನು ಹತ್ತಿರ ಕರೆದು, ಮೂಗಿನ ಕೆಳಗೆ ಹಿಡಿದ.

"ಇದು?"

"ಉರಿಯುತ್ತೆ. ವಾಸನೆ ಇಲ್ಲ."

ಡಬ್ಬಿ ಕೆಳಗಿಟ್ಟ. ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದ. "ನೀನು ಜೋರಾಗಿ ಉಸಿರೆಳೆದೆ" ಅಂದ. "ನಾನು ಕೇಳಿಸ್ಕೊಂಡೆ. ಅದನ್ನ ಕೇಳಿಯೇ ಮುಂದೆ ಹೋದೆ."

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಜನವರಿಗೆ ನೀನು ಬರಬೇಡ. ಆ ಅಮ್ಮನ ಯಜಮಾನರನ್ನ ಕೇಳ್ತೀನಿ."

ಸರಿ ಅಂದೆ.

ಬಸ್ಸಿನ ನೂಕಾಟದಲ್ಲಿ ಕೈಗೆ ಪೆಟ್ಟಾಗುತ್ತದೆಂದು ಬೈಕಿನಲ್ಲೇ ಹೊರಟೆವು. ಇಪ್ಪತ್ತೈದು ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು, ಒಂದೊಂದು ಗುಂಡಿಗೂ ನಿಲ್ಲಿಸಿ ದಾಟಿಸಿದೆ. ಅವನು ಎಡಗೈಯಿಂದ ನನ್ನ ಸೊಂಟ ಹಿಡಿಯದೆ, ಸೀಟಿನ ಹಿಂದಿನ ಕಂಬಿ ಹಿಡಿದಿದ್ದ. ಕಲ್ಲು ಕ್ವಾರಿಗಳು ಮುಗಿದು ರಸ್ತೆ ಗುಡ್ಡದ ಪಕ್ಕ ತಿರುಗುವಲ್ಲಿ ಸಂಜೆಯಾಗಿತ್ತು. ಎರಡೂ ಕಡೆ ಪೊದೆ, ಪೊದೆಯಲ್ಲಿ ಬೂದು ಬಂಡೆಗಳು. ಹುಟ್ಟಿದಾಗಿನಿಂದ ನೋಡಿದ ಬಂಡೆಗಳು. ನನ್ನ ಕೈ ತಾನಾಗಿ ಬ್ರೇಕ್ ಹಿಡಿಯಿತು. ಬೈಕು ನಿಂತಿತು. ಮುಂದೆ ಹೋಗಲಾರೆ, ಯಾಕೆಂದು ಅವನಿಗೆ ಹೇಳಲೂ ಆರೆ.

ಹಿಂದಿನಿಂದ ಇಮ್ರಾನ್ ಮೂಗೆಳೆದದ್ದು ಕೇಳಿಸಿತು. ಒಮ್ಮೆ ಎಡಕ್ಕೆ ತಿರುಗಿ, ಒಮ್ಮೆ ಬಲಕ್ಕೆ ತಿರುಗಿ.

"ಏನೂ ಇಲ್ಲ" ಅಂದ. "ನಡಿ."

ನಾನು ಗೇರ್ ಹಾಕಿದೆ.